ವಲಸೆ, ಒಂಟಿತನ, ಮಾನಸಿಕ ಆರೋಗ್ಯ: ಎಲ್‌ಜಿಬಿಟಿಕ್ಯೂ ಜನರ ನಡುವೆ ಅಧ್ಯಯನ ಮಾಡುವ ಕ್ರಮ

ಎಲ್‌ಜಿಬಿಟಿಕ್ಯೂ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್, ಕ್ವಿಯರ್) ಜನರ ವಲಸೆ, ಒಂಟಿತನದ ವಿಷಯ ಹಿಡಿದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಊರು ಬಿಟ್ಟು ಬಂದ 300 ಜನರನ್ನು ಹುಡುಕುತ್ತಾರೆ, ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ, ಖಿನ್ನತೆಯ ಅಂಕ ಹೆಚ್ಚಿರುವುದು ಕಾಣುತ್ತದೆ. ‘ವಲಸೆಯಿಂದ ಒಂಟಿತನ, ಒಂಟಿತನದಿಂದ ಖಿನ್ನತೆ’ ಎಂದು ಬರೆದು ಮುಗಿಸುತ್ತಾರೆ. ಯಾವುದು ಮೊದಲಾಯಿತು ಎಂದು ಯಾರನ್ನೂ ಕೇಳಿರುವುದಿಲ್ಲ. ಮನೆಯಲ್ಲಿ ಮಾತೇ ನಿಂತುಹೋಗಿ ಊರು ಬಿಟ್ಟವರಿಗೂ, ಕೆಲಸ ಸಿಕ್ಕಿತೆಂದು ಬಂದು ಹೊಸ ಜಾಗದಲ್ಲಿ ಒಂಟಿಯಾದವರಿಗೂ ಒಂದೇ ಅಂಕ ಬಂದಿರಬಹುದು. ಇಬ್ಬರ ಬದುಕು ನಡೆದ ದಾರಿ ತಿರುವುಮುರುವು, ಅವರಿಗೆ ಬೇಕಾದ ನೆರವೂ ಬೇರೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒತ್ತು ಇರುವುದು ಅನುಕ್ರಮದ ಮೇಲೆ. ಒಬ್ಬರ ಬದುಕಿನಲ್ಲಿ ಘಟನೆಗಳು ಯಾವ ಸರದಿಯಲ್ಲಿ ನಡೆದವು ಎಂಬುದು ಒಂದು. ಸಂಶೋಧಕರ ಕೆಲಸ ಯಾವ ಸರದಿಯಲ್ಲಿ ಸಾಗಬೇಕು ಎಂಬುದು ಇನ್ನೊಂದು. ಎರಡನೆಯದು ತಪ್ಪಿದರೆ ದತ್ತಾಂಶ ಹಾಳಾಗುವುದಷ್ಟೇ ಅಲ್ಲ, ನಂಬಿ ಮಾತಾಡಿದವರ ಬದುಕಿಗೇ ಪೆಟ್ಟು ಬೀಳುತ್ತದೆ.

## ಕೈಯಲ್ಲಿ ಇರಬೇಕಾದದ್ದು

ಸಂಶೋಧನೆಯಿಂದ ಯಾರಿಗೂ ಹಾನಿಯಾಗದಂತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಲಿಖಿತ ಅನುಮತಿ. ಪೂರ್ತಿ ಎನ್‌ಕ್ರಿಪ್ಟ್ ಮಾಡಿದ ಒಂದು ಲ್ಯಾಪ್‌ಟಾಪ್. ಇಂಟರ್‌ನೆಟ್ ಸಂಪರ್ಕವಿಲ್ಲದ ಧ್ವನಿ ರೆಕಾರ್ಡರ್. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಕಡತ ತನ್ನಷ್ಟಕ್ಕೆ ಕ್ಲೌಡ್‌ಗೆ ಹೋಗಿ ಕೂರುತ್ತದೆ. ಅಧ್ಯಯನಕ್ಕೆಂದೇ ತೆಗೆದ ಬೇರೆ ಫೋನ್ ನಂಬರ್. ಎ3 ಅಳತೆಯ ಕಾಗದ, ಪೆನ್ಸಿಲ್, ರಬ್ಬರ್. ಇದು ಏಕೆಂದು ಹಂತ 5ರಲ್ಲಿ ತಿಳಿಯುತ್ತದೆ. ಸಮಯದ ಲೆಕ್ಕವೂ ಮೊದಲೇ ಗೊತ್ತಿರಲಿ: ಒಂದು ಗಂಟೆಯ ಸಂದರ್ಶನವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಅನುವಾದವೂ ಸೇರಿದರೆ ಇನ್ನಷ್ಟು.

## ಹಂತ 1: ಪ್ರಶ್ನೆಯನ್ನು ಬಿಡಿಸಿ

‘ವಲಸೆ’, ‘ಪ್ರತ್ಯೇಕತೆ’, ‘ಮಾನಸಿಕ ಆರೋಗ್ಯ’ ಮೂರೂ ಚೀಲದಂಥ ಪದಗಳು, ಏನು ಬೇಕಾದರೂ ತುಂಬಬಹುದು. ಮೊದಲು ಒಳಗಿರುವುದನ್ನೆಲ್ಲ ಹೊರಗೆ ಸುರಿದು ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ.

ವಲಸೆಯ ಬಗ್ಗೆ ಕನಿಷ್ಠ ಐದು ವಿವರ ಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟನೇ ವಯಸ್ಸಿನಲ್ಲಿ, ಯಾರ ಜೊತೆ, ಯಾವ ಕಾರಣಕ್ಕೆ, ಈಗ ಯಾವ ಕಾನೂನು ಸ್ಥಿತಿಯಲ್ಲಿ. ಕಾರಣ ಕೇಳುವಾಗ ಒಂದೇ ಉತ್ತರಕ್ಕೆ ಟಿಕ್ ಹಾಕಿಸಬೇಡಿ. ‘ಓದಲು ಬಂದೆ’ ಎನ್ನುವವರಲ್ಲಿ, ಮನೆಯಿಂದ ದೂರವಾಗಲೆಂದೇ ಓದಿನ ನೆಪ ಹುಡುಕಿಕೊಂಡವರೂ ಇರುತ್ತಾರೆ. ಇದನ್ನು ಎರಡು ಪ್ರಶ್ನೆಯಾಗಿ ಕೇಳಿ: ‘ಮನೆಯವರಿಗೆ ಏನು ಹೇಳಿ ಹೊರಟಿರಿ?’ ‘ನಿಮ್ಮ ಮನಸ್ಸಿನಲ್ಲಿ ಏನಿತ್ತು?’

ಸಾಮಾಜಿಕ ಪ್ರತ್ಯೇಕತೆ ಎಂದರೆ ಎಣಿಸಬಹುದಾದ ಕೊರತೆ: ತಿಂಗಳಲ್ಲಿ ಎಷ್ಟು ಜನರ ಜೊತೆ ಮಾತಾಡಿದಿರಿ, ಜ್ವರ ಬಂದರೆ ಯಾರನ್ನು ಕರೆಯುತ್ತೀರಿ. ಒಂಟಿತನ ಒಳಗಿನ ಅನಿಸಿಕೆ. ಬೇಕಾದ ಒಡನಾಟಕ್ಕೂ ಸಿಕ್ಕಿದ ಒಡನಾಟಕ್ಕೂ ನಡುವಿನ ಅಂತರ. ಮನೆ ತುಂಬ ಜನರಿದ್ದೂ, ತನ್ನ ಗುರುತನ್ನು ಬಚ್ಚಿಟ್ಟುಕೊಂಡು ಬದುಕುವವರಿಗೆ ಮೊದಲನೆಯದು ಇರುವುದಿಲ್ಲ, ಎರಡನೆಯದು ಕೊರೆಯುತ್ತಿರುತ್ತದೆ. ಈ ಎರಡನ್ನು ಒಂದೇ ಪದದಲ್ಲಿ ಕಟ್ಟಿದರೆ ಇಡೀ ಅಧ್ಯಯನ ಮಸುಕಾಗುತ್ತದೆ.

ಮಾನಸಿಕ ಆರೋಗ್ಯದ ವಿಷಯದಲ್ಲಿ, ಪ್ರಶ್ನಾವಳಿಯ ಅಂಕ ಬೇರೆ, ವೈದ್ಯರು ಕೊಟ್ಟ ರೋಗನಿರ್ಣಯ ಬೇರೆ. ಪ್ರಶ್ನಾವಳಿ ಹಿಡಿದಿದ್ದರೆ ‘ಖಿನ್ನತೆಯ ಲಕ್ಷಣಗಳು’ ಎಂದೇ ಬರೆಯಬೇಕು.

ಈಗ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಎಲ್‌ಜಿಬಿಟಿಕ್ಯೂ ವಲಸಿಗರ ಮಾನಸಿಕ ಆರೋಗ್ಯ ಹೇಗಿದೆ?’ ಎಂಬುದು ಪ್ರಶ್ನೆಯಲ್ಲ, ಅಧ್ಯಾಯದ ಹೆಸರು. ‘ಬಂದ ಮೊದಲ ಎರಡು ವರ್ಷಗಳಲ್ಲಿ, ಗುರುತು ಬಚ್ಚಿಟ್ಟು ಸ್ವದೇಶದವರ ಜೊತೆ ವಾಸವಿದ್ದವರಿಗೂ ಬೇರೆಯಾಗಿ ವಾಸವಿದ್ದವರಿಗೂ ಒಂಟಿತನದಲ್ಲಿ ವ್ಯತ್ಯಾಸವಿತ್ತೇ?’ ಎಂಬುದು ಪ್ರಶ್ನೆ. ಅದರಲ್ಲಿ ಕಾಲವಿದೆ, ಹೋಲಿಕೆಯಿದೆ, ಅಳೆಯಬಹುದಾದ ಒಂದು ವಿಷಯವಿದೆ.

ಹೋಲಿಕೆಯ ಗುಂಪಿನ ಬಗ್ಗೆ ಇಲ್ಲೇ ತೀರ್ಮಾನಿಸಿ. ಎಲ್‌ಜಿಬಿಟಿಕ್ಯೂ ವಲಸಿಗರನ್ನು ಮಾತ್ರ ಅಳೆದರೆ ವಲಸೆಯ ಪಾಲೆಷ್ಟು, ತಾರತಮ್ಯದ ಪಾಲೆಷ್ಟು ಎಂದು ಹೇಳಲು ಬರುವುದಿಲ್ಲ. ಆದರ್ಶವಾಗಿ ನಾಲ್ಕು ಗುಂಪು ಬೇಕು: ವಲಸೆ ಬಂದ ಎಲ್‌ಜಿಬಿಟಿಕ್ಯೂ ಜನ, ವಲಸೆ ಹೋಗದ ಎಲ್‌ಜಿಬಿಟಿಕ್ಯೂ ಜನ, ವಲಸೆ ಬಂದ ಇತರರು, ವಲಸೆ ಹೋಗದ ಇತರರು. ನಾಲ್ಕನ್ನೂ ಸೇರಿಸುವ ಶಕ್ತಿಯಿಲ್ಲದಿದ್ದರೆ ಮೊದಲ ಎರಡಾದರೂ ಇರಲಿ. ಅದೂ ಆಗದಿದ್ದರೆ ‘ಇದು ವಿವರಣಾತ್ಮಕ ಅಧ್ಯಯನ’ ಎಂದು ಒಪ್ಪಿಕೊಂಡು, ಕಾರಣ ಹೇಳುವ ಆಸೆ ಬಿಡಿ.

ಇನ್ನೊಂದು ಬಲೆ: ಹೊರಟು ಬರಲು ಆರೋಗ್ಯ, ಹಣ, ಧೈರ್ಯ ಬೇಕು, ಹಾಗಾಗಿ ಬಂದವರು ಉಳಿದವರಿಗಿಂತ ಮೊದಲೇ ಗಟ್ಟಿಯಾಗಿರಬಹುದು. ತಾಳಲಾರದೆ ವಾಪಸ್ ಹೋದವರು ನಿಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ. ಈ ಎರಡೂ ಸೇರಿ ವಲಸೆ ಒಳ್ಳೆಯದೇ ಮಾಡಿತು ಎಂಬ ಚಿತ್ರ ಮೂಡಿಸಬಲ್ಲವು.

## ಹಂತ 2: ಒಂದೂ ಪ್ರಶ್ನೆ ಬರೆಯುವ ಮೊದಲು ಸುರಕ್ಷತೆ

ಇದನ್ನು ಕೊನೆಗೆ ತಳ್ಳುವವರೇ ಹೆಚ್ಚು. ಎಥಿಕ್ಸ್ ಅರ್ಜಿ ತುಂಬುವ ದಿನ ನೆನಪಾಗಿ ನಾಲ್ಕು ಸಾಲು ಸೇರಿಸುತ್ತಾರೆ. ಆದರೆ ಏನು ಕೇಳಬಹುದು, ಹೇಗೆ ಕೇಳಬಹುದು ಎಂಬುದನ್ನೆಲ್ಲ ಸುರಕ್ಷತೆಯೇ ನಿರ್ಧರಿಸುವುದರಿಂದ ಅದು ಇಲ್ಲಿಯೇ ಆಗಬೇಕು.

ಮೊದಲು ಗುರುತು ಬಯಲಾಗುವ ದಾರಿಗಳನ್ನು ಪಟ್ಟಿ ಮಾಡಿ. ‘ಎಲ್‌ಜಿಬಿಟಿಕ್ಯೂ ಅಧ್ಯಯನದ ಸಂದರ್ಶನ ನಾಳೆ 4ಕ್ಕೆ’ ಎಂಬ ಸಂದೇಶ, ಲಾಕ್ ಆದ ಫೋನಿನ ಪರದೆಯ ಮೇಲೆ ಮೂಡಿ, ಜೊತೆಗಿರುವವರು ಓದಿಬಿಟ್ಟರೆ ಸಾಕು. ಅಧ್ಯಯನಕ್ಕೆ ‘ಹೊಸ ಊರಿನ ಬದುಕು’ ಎಂಬಂಥ ಸಾದಾ ಹೆಸರಿಡಿ. ಯಾವ ಹೊತ್ತಿನಲ್ಲಿ, ಯಾವ ಹೆಸರಿನಿಂದ ಕರೆಯಬೇಕು, ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕು ಎಂದು ಮೊದಲ ಮಾತಿನಲ್ಲೇ ಕೇಳಿಟ್ಟುಕೊಳ್ಳಿ.

ಸಹಿ ಹಾಕಿದ ಒಪ್ಪಿಗೆ ಪತ್ರವೇ ಕೆಲವೊಮ್ಮೆ ಅತ್ಯಂತ ಅಪಾಯದ ಕಾಗದ. ಇಡೀ ಅಧ್ಯಯನದಲ್ಲಿ ನಿಜವಾದ ಹೆಸರಿರುವ ಒಂದೇ ದಾಖಲೆ ಅದಾಗಿರುತ್ತದೆ. ಸಲಿಂಗ ಸಂಬಂಧ ಅಪರಾಧವಾಗಿರುವ ದೇಶದಿಂದ ಬಂದವರಿಗೆ, ಕಾಗದಪತ್ರ ಇನ್ನೂ ಇತ್ಯರ್ಥವಾಗದವರಿಗೆ ಬಾಯಿಮಾತಿನ ಒಪ್ಪಿಗೆ ಸಾಕು ಎಂದು ಕಮಿಟಿಯಿಂದ ವಿನಾಯಿತಿ ಕೇಳಿ. 18 ವರ್ಷದೊಳಗಿನವರನ್ನು ಸೇರಿಸುವುದಾದರೆ ಇನ್ನೂ ಸೂಕ್ಷ್ಮ. ತಂದೆತಾಯಿಯ ಒಪ್ಪಿಗೆ ಕೇಳುವುದೆಂದರೆ ಮಗುವಿನ ಗುಟ್ಟನ್ನು ಮನೆಗೆ ತಲುಪಿಸಿದಂತೆ. ವಿನಾಯಿತಿ ಸಿಗದಿದ್ದರೆ ಆ ವಯಸ್ಸಿನವರನ್ನು ಕೈಬಿಡಿ.

ಸ್ವದೇಶದಲ್ಲಿ ಅಪಾಯವಿದೆಯೆಂದು ಬೇರೆ ದೇಶದಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದವರ ವಿಷಯಕ್ಕೆ ಬೇರೆಯೇ ಎಚ್ಚರ ಬೇಕು. ಅಧಿಕಾರಿಗಳ ಮುಂದೆ ಹೇಳಿದ ದಿನಾಂಕಕ್ಕೂ ನಿಮ್ಮ ಮುಂದೆ ಹೇಳಿದ ದಿನಾಂಕಕ್ಕೂ ವ್ಯತ್ಯಾಸ ಬಂದರೆ, ನಿಮ್ಮ ಟಿಪ್ಪಣಿ ಹೊರಗೆ ಹೋದ ದಿನ ಅದು ಅವರ ವಿರುದ್ಧ ನಿಲ್ಲಬಹುದು. ಇಂಥವರಲ್ಲಿ ತಿಂಗಳು, ತಾರೀಖು ಬರೆದುಕೊಳ್ಳಬೇಡಿ. ‘ಬರುವ ಎರಡು ವರ್ಷ ಮೊದಲು’ ಎಂಬಷ್ಟೇ ಸಾಕು. ‘ನಾನು ಗೇ ಎಂದು ಒಂದು ಪತ್ರ ಕೊಡುತ್ತೀರಾ?’ ಎಂದು ಕೇಳುವವರೂ ಸಿಗುತ್ತಾರೆ. ಏನು ಉತ್ತರಿಸಬೇಕೆಂದು ತಂಡ ಮೊದಲೇ ಕೂತು ನಿರ್ಧರಿಸಿರಬೇಕು. ನಿಮ್ಮ ಅಳತೆಗೋಲುಗಳು ಯಾರ ಗುರುತನ್ನೂ ಸಾಬೀತು ಮಾಡಲಾರವು. ಆಶ್ರಯ ಕೋರಿದವರ ಲೈಂಗಿಕ ಒಲವನ್ನು ಪ್ರೊಜೆಕ್ಟಿವ್ ವ್ಯಕ್ತಿತ್ವ ಪರೀಕ್ಷೆಗಳಿಂದ (ಚಿತ್ರ, ಮಸಿಯ ಕಲೆ ತೋರಿಸಿ ಮನಸ್ಸನ್ನು ಊಹಿಸುವಂಥವು) ನಿರ್ಧರಿಸಕೂಡದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರಲ್ಲೇ ಹೇಳಿದೆ.

ಕೊನೆಯದಾಗಿ ಸಂಕಟದ ಯೋಜನೆ. ಯಾರಾದರೂ ಸಾಯುವ ಮಾತಾಡಿದರೆ ಯಾರು ಅವರ ಜೊತೆ ಕೂರುತ್ತಾರೆ, ಎಷ್ಟು ಹೊತ್ತಿನೊಳಗೆ, ಯಾರಿಗೆ ಫೋನ್ ಹೋಗುತ್ತದೆ ಎಂದು ಒಂದೇ ಪುಟದಲ್ಲಿ ಬರೆದಿಡಿ. ನೆರವಿನ ಸೇವೆಗಳ ಪಟ್ಟಿ ಮಾಡಿದ ಮೇಲೆ ಪ್ರತಿಯೊಂದು ನಂಬರಿಗೂ ನೀವೇ ಕರೆ ಮಾಡಿ: ಎತ್ತುತ್ತಾರೆಯೇ, ಯಾವ ಭಾಷೆ ಬರುತ್ತದೆ, ಕಾಗದಪತ್ರ ಕೇಳುತ್ತಾರೆಯೇ, ಟ್ರಾನ್ಸ್ ವ್ಯಕ್ತಿಯೆಂದರೆ ಹೇಗೆ ಮಾತಾಡುತ್ತಾರೆ. ಪಟ್ಟಿಯಲ್ಲಿದ್ದ ಹತ್ತರಲ್ಲಿ ನಾಲ್ಕು ಉಳಿದರೂ ಆ ನಾಲ್ಕು ನಿಜಕ್ಕೂ ಕೆಲಸಕ್ಕೆ ಬರುತ್ತವೆ.

## ಹಂತ 3: ಸಲಹಾ ಗುಂಪು

ಸಮುದಾಯದ ಐದರಿಂದ ಎಂಟು ಜನ ಸಾಕು. ಬಂದು ಒಂದು ವರ್ಷವೂ ಆಗದವರು ಒಬ್ಬರಾದರೂ ಇರಲಿ, ಟ್ರಾನ್ಸ್ ವ್ಯಕ್ತಿಗಳು, ಬೈಸೆಕ್ಷುಯಲ್ ವ್ಯಕ್ತಿಗಳು ಇರಲಿ. ಸಂಘಟನೆಗಳ ಮುಖಂಡರಿಂದಲೇ ತುಂಬಿಸಬೇಡಿ. ಅವರಿಗೆ ನೂರಾರು ಜನರ ಪರಿಚಯವಿರುತ್ತದೆ, ಯಾರ ಪರಿಚಯವೂ ಇಲ್ಲದವರ ದಿನಚರಿ ಅವರ ಕಣ್ಣಿಗೆ ಬೀಳದೇ ಹೋಗಬಹುದು. ಅವರ ಸಮಯಕ್ಕೆ ಗೌರವಧನ ಕೊಡಿ. ಪ್ರಶ್ನಾವಳಿ ಅಚ್ಚಾದ ಮೇಲೆ ಕರೆದು ‘ಸರಿಯಿದೆಯೇ?’ ಎಂದರೆ ಪ್ರಯೋಜನವಿಲ್ಲ, ಕರಡು ಬರೆಯುವ ಮೊದಲೇ ಕೂರಿಸಿಕೊಳ್ಳಿ.

## ಹಂತ 4: ಗುರುತಿನ ಪ್ರಶ್ನೆಗಳು

ಲಿಂಗತ್ವವನ್ನು ಎರಡು ಹೆಜ್ಜೆಯಲ್ಲಿ ಕೇಳಿ: ಹುಟ್ಟಿದಾಗ ದಾಖಲಿಸಿದ ಲಿಂಗ ಯಾವುದು, ಈಗ ತಮ್ಮನ್ನು ತಾವು ಹೇಗೆ ಗುರುತಿಸಿಕೊಳ್ಳುತ್ತಾರೆ. ‘ಗಂಡು, ಹೆಣ್ಣು, ಟ್ರಾನ್ಸ್’ ಎಂಬ ಒಂದೇ ಪ್ರಶ್ನೆ ಇಟ್ಟರೆ, ತನ್ನನ್ನು ಹೆಣ್ಣೆಂದೇ ಕರೆದುಕೊಳ್ಳುವ ಟ್ರಾನ್ಸ್ ಮಹಿಳೆ ‘ಹೆಣ್ಣು’ ಎಂದು ಗುರುತು ಹಾಕುತ್ತಾರೆ, ನಿಮ್ಮ ಎಣಿಕೆಯಿಂದ ಮಾಯವಾಗುತ್ತಾರೆ.

ಲೈಂಗಿಕ ಒಲವಿಗೆ ಮೂರು ಮುಖ: ಯಾರತ್ತ ಸೆಳೆತ, ಯಾರೊಡನೆ ಸಂಬಂಧ, ಯಾವ ಹೆಸರಿನಿಂದ ಗುರುತು. ಮೂರೂ ಒಬ್ಬರಲ್ಲೇ ಹೊಂದದಿರಬಹುದು, ವಲಸೆ ಬಂದವರಲ್ಲಿ ಇದನ್ನು ಗಮನಿಸಲೇಬೇಕು. ‘ಗೇ’ ಎಂಬ ಪದವನ್ನು ಹೊಸ ಊರಿಗೆ ಬಂದ ಮೇಲೆ ಕೇಳಿದವರು, ಕೇಳಿಯೂ ತನ್ನದಲ್ಲ ಎನ್ನುವವರು ಇರುತ್ತಾರೆ. ಪಾಲ್ಗೊಳ್ಳುವವರ ಮಾತೃಭಾಷೆಯಲ್ಲಿ ಬಳಕೆಯಲ್ಲಿರುವ ಪದಗಳನ್ನು ಸಲಹಾ ಗುಂಪಿನಿಂದ ಸಂಗ್ರಹಿಸಿ, ಯಾವುದು ಬೈಗುಳ, ಯಾವುದು ಅಭಿಮಾನದ ಪದ ಎಂದು ಗುರುತಿಸಿಕೊಳ್ಳಿ. ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದು ಬರೆಯುವ ಬದಲು ‘ನನ್ನ ಪದ ಇದು’ ಎಂದು ಖಾಲಿ ಗೆರೆ ಬಿಡಿ.

‘ನೀವು ಹೊರಬಂದಿದ್ದೀರಾ?’, ಅಂದರೆ ನಿಮ್ಮ ಗುರುತನ್ನು ಇತರರಿಗೆ ಹೇಳಿಕೊಂಡಿದ್ದೀರಾ, ಎಂಬ ಒಂದೇ ಪ್ರಶ್ನೆಯಿಂದ ಏನೂ ತಿಳಿಯದು. ಹುಟ್ಟಿದ ಮನೆ, ಕೆಲಸದ ಜಾಗ, ಸ್ವದೇಶದವರ ಬಳಗ, ಹೊಸ ಗೆಳೆಯರು, ವೈದ್ಯರು ಎಂದು ವಲಯವಾರು ಕೇಳಿ, ಪ್ರತಿಯೊಂದಕ್ಕೂ ‘ಯಾರಿಗೂ ಗೊತ್ತಿಲ್ಲ, ಕೆಲವರಿಗೆ ಗೊತ್ತು, ಎಲ್ಲರಿಗೂ ಗೊತ್ತು’ ಎಂಬ ಆಯ್ಕೆ ಕೊಡಿ. ಮುಂದೆ ಒಂಟಿತನದ ಲೆಕ್ಕ ಬಿಡಿಸುವಾಗ ಈ ಕೋಷ್ಟಕದಷ್ಟು ನೆರವಾಗುವುದು ಇನ್ನೊಂದಿಲ್ಲ.

## ಹಂತ 5: ಕಾಲರೇಖೆಯ ಹಾಳೆ

ಇಡೀ ಅಧ್ಯಯನದ ಬೆನ್ನೆಲುಬು ಇದೇ. ಎ3 ಹಾಳೆಯನ್ನು ಅಡ್ಡವಾಗಿ ಇಟ್ಟುಕೊಳ್ಳಿ. ಮೇಲೆ ವರ್ಷಗಳು, ವಲಸೆಯ ಹಿಂದಿನ ಒಂದು ವರ್ಷ, ಮುಂದಿನ ಎರಡು ವರ್ಷಗಳಿಗೆ ಮೂರು ಮೂರು ತಿಂಗಳ ಖಾನೆ. ಎಡಕ್ಕೆ ಆರು ಸಾಲು: ಎಲ್ಲಿ ವಾಸ, ಯಾರ ಜೊತೆ, ಗುರುತು ಯಾರಿಗೆ ಗೊತ್ತು, ಓದು ಅಥವಾ ಕೆಲಸ, ಕಾಗದಪತ್ರದ ಸ್ಥಿತಿ, ಮನಸ್ಸು ಮತ್ತು ನಿದ್ದೆ. ಆಶ್ರಯದ ಅರ್ಜಿ ಬಾಕಿಯಿರುವವರಿಗೆ ಮೇಲಿನ ವರ್ಷಗಳ ಬದಲು ‘ಬರುವ ಮುಂಚೆ 3, 2, 1, ಬಂದ ಮೇಲೆ 1, 2, 3’ ಎಂದು ಬರೆಯಿರಿ.

ತುಂಬಿಸುವಾಗ ವಾಸದ ಸಾಲಿನಿಂದ ಶುರು ಮಾಡಿ, ಮನಸ್ಸಿನ ಸಾಲನ್ನು ಕೊನೆಗೆ ಇಡಿ. ಎಲ್ಲಿದ್ದೆ ಎಂಬುದು ಸುಲಭವಾಗಿ ನೆನಪಾಗುತ್ತದೆ, ಆ ನೆನಪಿನ ಮೊಳೆಗೆ ಉಳಿದದ್ದನ್ನು ನೇತುಹಾಕಬಹುದು. ‘ಯಾವ ವರ್ಷ ಬೇಸರ ಶುರುವಾಯಿತು?’ ಎಂದು ನೇರವಾಗಿ ಕೇಳಿದರೆ ತಡಕಾಡುತ್ತಾರೆ. ‘ಆ ಕೋಣೆಯಲ್ಲಿದ್ದಾಗ ರಾತ್ರಿ ನಿದ್ದೆ ಹೇಗಿತ್ತು?’ ಎಂದರೆ ಉತ್ತರ ಬರುತ್ತದೆ. ಪೆನ್ಸಿಲ್ ಅವರ ಕೈಗೇ ಕೊಡಿ. ಅರ್ಧಕ್ಕೆ ಬಂದ ಮೇಲೆ ಹಿಂದಿನದನ್ನು ಅಳಿಸಿ ಬರೆಯುವುದು ಸಾಮಾನ್ಯ, ಅದನ್ನು ತಪ್ಪೆಂದು ತಿಳಿಯಬೇಡಿ.

ಒಂದು ಕಾಲ್ಪನಿಕ ಹಾಳೆಯನ್ನು ಹತ್ತಿರದಿಂದ ನೋಡೋಣ. ಸಮೀಕ್ಷೆಯ ಫಾರಮ್ಮಿನಲ್ಲಿ ಈ ವ್ಯಕ್ತಿಯದು ‘ವಲಸೆ: 2019’ ಎಂದು ಒಂದೇ ಸಾಲು. ಹಾಳೆಯಲ್ಲಿ ಹೀಗಿದೆ: 2015ರಲ್ಲಿ ಅಣ್ಣನಿಗೆ ವಿಷಯ ತಿಳಿಯಿತು. 2016ರಲ್ಲಿ ಅದೇ ದೇಶದ ಬೇರೆ ನಗರದ ಹಾಸ್ಟೆಲ್. ನಿದ್ದೆಯ ಸಾಲಿನಲ್ಲಿ ಮೊದಲ ಗುರುತು ಇಲ್ಲಿಯೇ. 2017ರಲ್ಲಿ ಮರಳಿ ಮನೆಗೆ. 2019ರಲ್ಲಿ ಗಡಿ ದಾಟಿ ಬಂದು, ಸ್ವದೇಶದ ಮೂವರ ಜೊತೆ ಒಂದೇ ಕೋಣೆ, ಗುರುತು ಯಾರಿಗೂ ಗೊತ್ತಿಲ್ಲ. ‘ತುಂಬ ಒಂಟಿ’ ಎಂದು ಬರೆದದ್ದು ಆ ನಾಲ್ವರ ಕೋಣೆಯ ಖಾನೆಯಲ್ಲಿ. 2022ರಲ್ಲಿ ಒಬ್ಬರೇ ಇರುವ ಪುಟ್ಟ ಮನೆ; ನಿದ್ದೆ ಮರಳಿತು.

ಇದರಲ್ಲಿ ವಲಸೆ ಒಂದಲ್ಲ, ಮೂರು. ಲಕ್ಷಣ ಶುರುವಾದದ್ದು ಗಡಿ ದಾಟುವ ಮೂರು ವರ್ಷ ಮೊದಲು. ಒಂಟಿತನ ತೀರಾ ಹೆಚ್ಚಿದ್ದದ್ದು ಸುತ್ತ ಜನರಿದ್ದಾಗ, ನಿದ್ದೆ ಮರಳಿದ್ದು ಒಬ್ಬರೇ ಇದ್ದಾಗ. ಫಾರಮ್ಮಿನ ಒಂದು ಸಾಲು ಇವೆಲ್ಲವನ್ನೂ ನುಂಗಿಹಾಕುತ್ತಿತ್ತು. ಒಂದು ಹಾಳೆಗೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಎಲ್ಲರಲ್ಲೂ ಮಾಡಿಸಲು ಆಗದಿದ್ದರೆ ಒಂದು ಭಾಗದ ಜನರಲ್ಲಾದರೂ ಮಾಡಿಸಿ, ಉಳಿದವರಿಗೆ ‘ಬರುವ ಮುಂಚಿನ ವರ್ಷ’, ‘ಬಂದ ಮೊದಲ ವರ್ಷ’, ‘ಈಗ’ ಎಂಬ ಮೂರು ಖಾನೆಯ ಚಿಕ್ಕ ರೂಪ ಕೊಡಿ.

## ಹಂತ 6: ಅಳತೆಗೋಲುಗಳು

ಹೊಸದಾಗಿ ಪ್ರಶ್ನೆ ಕಟ್ಟುವ ಮೊದಲು ಇರುವವನ್ನು ನೋಡಿ. ಹಾಗೆಂದು ಇರುವುದನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಲೂಬೇಡಿ.

ಒಂಟಿತನಕ್ಕೆ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮಾಪಕದ ಮೂರನೇ ಆವೃತ್ತಿಯಲ್ಲಿ 20 ಪ್ರಶ್ನೆ, ಅಂಕ 20ರಿಂದ 80. ಅದರಲ್ಲಿ 9 ಪ್ರಶ್ನೆಗಳು ಧನಾತ್ಮಕವಾಗಿವೆ, ಅವನ್ನು ತಿರುಗಿಸಿ (1 ಇದ್ದರೆ 4, 2 ಇದ್ದರೆ 3 ಎಂದು) ಕೂಡಬೇಕು. ಮರೆತರೆ ಒಂಟಿಯಾದವರಿಗೂ ಅಲ್ಲದವರಿಗೂ ಹೆಚ್ಚುಕಡಿಮೆ ಒಂದೇ ಮೊತ್ತ ಬರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಸಮಯ ಕಡಿಮೆಯಿದ್ದರೆ 3 ಪ್ರಶ್ನೆಗಳ ಚಿಕ್ಕ ರೂಪವಿದೆ, ಅಂಕ 3ರಿಂದ 9. ಡಿ ಯಾಂಗ್ ಗೀರ್‌ವೆಲ್ಡ್ ಮಾಪಕದ 6 ಪ್ರಶ್ನೆಗಳ ರೂಪ ಭಾವನಾತ್ಮಕ ಒಂಟಿತನ, ಸಾಮಾಜಿಕ ಒಂಟಿತನ ಎರಡನ್ನೂ ಮೂರು ಮೂರು ಪ್ರಶ್ನೆಗಳಿಂದ ಬೇರೆಯಾಗಿ ಅಳೆಯುತ್ತದೆ. ಆಪ್ತ ಜೀವವೊಂದಿಲ್ಲ ಎಂಬುದಕ್ಕೂ ಬಳಗವಿಲ್ಲ ಎಂಬುದಕ್ಕೂ ವ್ಯತ್ಯಾಸ ಕಾಣಬೇಕಾದ ಈ ವಿಷಯಕ್ಕೆ ಅದೇ ಹೆಚ್ಚು ಒಗ್ಗುತ್ತದೆ.

ಪ್ರತ್ಯೇಕತೆಗೆ ಲಬ್ಬೆನ್ ಮಾಪಕದ 6 ಪ್ರಶ್ನೆಗಳ ರೂಪವನ್ನು ಬಹಳ ಜನ ಬಳಸುತ್ತಾರೆ. ಒಟ್ಟು 30 ಅಂಕ, 12ಕ್ಕಿಂತ ಕಡಿಮೆ ಬಂದರೆ ಪ್ರತ್ಯೇಕತೆಯ ಅಪಾಯ ಎಂದು ಅರ್ಥ. ಮೂರು ಪ್ರಶ್ನೆ ನೆಂಟರ ಬಗ್ಗೆ, ಮೂರು ಗೆಳೆಯರ ಬಗ್ಗೆ. ತೊಂದರೆ ಇರುವುದೇ ಇಲ್ಲಿ. ಮನೆಯವರು ದೂರ ಮಾಡಿದ ವ್ಯಕ್ತಿಗೆ ಮೊದಲ ಅರ್ಧದಲ್ಲಿ ಸೊನ್ನೆ. ಗೆಳೆಯರ ಅರ್ಧದಲ್ಲಿ 15ಕ್ಕೆ 11 ಬಂದರೂ, ಅಂದರೆ ಕಷ್ಟಕ್ಕೆ ಒದಗುವ ಜನ ಚೆನ್ನಾಗಿಯೇ ಇದ್ದರೂ, ಒಟ್ಟು 11 ಆಗಿ ‘ಪ್ರತ್ಯೇಕ’ ಎಂಬ ಹಣೆಪಟ್ಟಿ ಬೀಳುತ್ತದೆ. ತಾವೇ ಆರಿಸಿಕೊಂಡ ಬಳಗವನ್ನು ಕುಟುಂಬ ಎನ್ನುವವರು ಅವರನ್ನು ಯಾವ ಅರ್ಧದಲ್ಲಿ ಎಣಿಸಬೇಕೆಂದೂ ಗೊಂದಲಪಡುತ್ತಾರೆ. ಎರಡು ಅರ್ಧಗಳನ್ನೂ ಬೇರೆಯಾಗಿ ವರದಿ ಮಾಡಿ, ಯಾರನ್ನು ಎಲ್ಲಿ ಎಣಿಸಬೇಕೆಂದು ಸೂಚನೆಯಲ್ಲೇ ಬರೆಯಿರಿ.

ಖಿನ್ನತೆಯ ಲಕ್ಷಣಕ್ಕೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ, ಅಂಕ 0ರಿಂದ 27. ಆತಂಕಕ್ಕೆ ಏಳು ಪ್ರಶ್ನೆಗಳ ಜಿಎಡಿ-7, ಅಂಕ 0ರಿಂದ 21. ಎರಡರಲ್ಲೂ 10 ಸಾಮಾನ್ಯವಾಗಿ ಬಳಸುವ ಗೆರೆ, ಅಷ್ಟು ಅಥವಾ ಹೆಚ್ಚು ಬಂದರೆ ಲಕ್ಷಣಗಳು ಗಮನಿಸಬೇಕಾದಷ್ಟಿವೆ ಎಂದು ಅರ್ಥ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಗಳ ಬಗ್ಗೆ. ಅದಕ್ಕೆ ‘ಹೌದು’ ಎಂದವರನ್ನು ಅದೇ ದಿನ ತಲುಪಲು ಆಗದ ಅನಾಮಧೇಯ ಆನ್‌ಲೈನ್ ಸಮೀಕ್ಷೆಯಾಗಿದ್ದರೆ ಆ ಪ್ರಶ್ನೆಯಿಲ್ಲದ ಪಿಎಚ್‌ಕ್ಯೂ-8 ಬಳಸಿ, ಅದರ ಗರಿಷ್ಠ 24. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದಿರುವುದು ಮೇಲು. ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳಿಗೆ ರಾತ್ರಿ ಪಾಳಿಯ ದುಡಿಮೆಯಿಂದಲೂ ಅಂಕ ಏರಬಹುದು. ಪಾಳಿಯ ಬಗ್ಗೆ ಒಂದು ಪ್ರಶ್ನೆ ಪಕ್ಕದಲ್ಲಿರಲಿ.

ಕಾಲದ ಅಂತರವನ್ನು ಗಮನಿಸಿ. ಪಿಎಚ್‌ಕ್ಯೂ ಕೇಳುವುದು ಕಳೆದ ಎರಡು ವಾರ, ಲಬ್ಬೆನ್ ಕೇಳುವುದು ತಿಂಗಳು, ನೀವು ಸೇರಿಸುವ ತಾರತಮ್ಯದ ಪ್ರಶ್ನೆ ಬಹುಶಃ ಇಡೀ ಬದುಕು. ಮೂರನ್ನೂ ಒಂದೇ ಸಮೀಕರಣದಲ್ಲಿ ಹಾಕುವ ಮೊದಲು ಯಾವುದು ಯಾವ ಕಾಲದ್ದು ಎಂದು ಕೋಷ್ಟಕ ಬರೆದುಕೊಳ್ಳಿ.

ತಾರತಮ್ಯದ ವಿಷಯದಲ್ಲಿ ಸಂಶೋಧಕ ಇಲನ್ ಮೇಯರ್ 2003ರಲ್ಲಿ ವಿವರಿಸಿದ ಅಲ್ಪಸಂಖ್ಯಾತ ಒತ್ತಡದ ಚೌಕಟ್ಟು ಉಪಯೋಗಕ್ಕೆ ಬರುತ್ತದೆ: ಹೊರಗಿನಿಂದ ಬರುವ ಹಿಂಸೆ, ತಾರತಮ್ಯ ಒಂದು ಕಡೆ; ತಿರಸ್ಕಾರದ ನಿರೀಕ್ಷೆ, ಬಚ್ಚಿಡುವಿಕೆ, ತನ್ನನ್ನು ತಾನೇ ಕೀಳಾಗಿ ಕಾಣುವುದು ಇನ್ನೊಂದು ಕಡೆ. ವಲಸಿಗರಿಗೆ ಭಾಷೆ, ಜನಾಂಗ, ಕಾಗದಪತ್ರದ ಒತ್ತಡವೂ ಜೊತೆಗಿರುತ್ತದೆ, ಅದಕ್ಕೆ ಬೇರೆ ಪ್ರಶ್ನೆಗಳು ಬೇಕು.

ಅನುವಾದ ಮಾಡಿಸಿದ್ದರೆ ಬೇರೊಬ್ಬರಿಂದ ಮರು ಅನುವಾದ ಮಾಡಿಸಿ ಮೂಲದೊಂದಿಗೆ ಹೋಲಿಸಿ. ಆಮೇಲೆ ಆರೆಂಟು ಜನರನ್ನು ಕೂರಿಸಿಕೊಂಡು, ‘ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು?’ ಎಂದು ಒಂದೊಂದಕ್ಕೂ ಹೇಳಿಸಿ.

## ಹಂತ 7: ಜನರನ್ನು ಹುಡುಕುವುದು

ಒಂಟಿಯಾದವರ ಬಗ್ಗೆ ಅಧ್ಯಯನ ಮಾಡಲು ಹೊರಟು, ಒಂಟಿಯಲ್ಲದವರನ್ನೇ ಸೇರಿಸಿಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಸಂಘಟನೆಯ ಸಭೆ, ಪ್ರೈಡ್ ಮೆರವಣಿಗೆ, ವಾಟ್ಸ್ಯಾಪ್ ಗುಂಪು, ಇಲ್ಲೆಲ್ಲ ಸಿಗುವವರು ಈಗಾಗಲೇ ಯಾರನ್ನೋ ಕಂಡುಕೊಂಡವರು.

ಪಾಲ್ಗೊಂಡವರಿಂದಲೇ ಮುಂದಿನವರನ್ನು ಕರೆಸುವ ಆರ್‌ಡಿಎಸ್ ವಿಧಾನದಲ್ಲಿ ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಮೂರು ಕೂಪನ್ ಕೊಡುತ್ತಾರೆ. ಯಾರಿಗೆ ಎಷ್ಟು ಜನರ ಪರಿಚಯವಿದೆ ಎಂದು ಕೇಳಿ, ಹೆಚ್ಚು ಪರಿಚಯ ಇದ್ದವರ ಉತ್ತರಕ್ಕೆ ಲೆಕ್ಕದಲ್ಲಿ ಕೊಡುವ ತೂಕವನ್ನು ತಗ್ಗಿಸುತ್ತಾರೆ. ಗುಪ್ತವಾಗಿ ಬದುಕುವ ಸಮುದಾಯಗಳಿಗೆ ಇದು ಒಳ್ಳೆಯ ವಿಧಾನವೇ. ಆದರೆ ಸಮುದಾಯದಲ್ಲಿ ಯಾರೂ ಗೊತ್ತಿಲ್ಲದವರಿಗೆ ಕೂಪನ್ ತಲುಪುವುದಿಲ್ಲ, ಯಾವ ತೂಕವೂ ಅವರನ್ನು ಒಳಗೆ ತರಲಾರದು. ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ. ಭಾಷಾ ತರಗತಿ, ವಲಸೆ ವಕೀಲರ ಕಚೇರಿ, ಆರೋಗ್ಯ ಕೇಂದ್ರ, ಡೇಟಿಂಗ್ ಆ್ಯಪ್‌ನ ಜಾಹೀರಾತು, ಹೀಗೆ ಯಾರ ಪರಿಚಯವೂ ಬೇಕಿಲ್ಲದ ದಾರಿಗಳನ್ನು ಜೊತೆಗಿಡಿ. ಪ್ರತಿಯೊಬ್ಬರೂ ಯಾವ ದಾರಿಯಿಂದ ಬಂದರೆಂದು ದಾಖಲಿಸಿ, ದಾರಿವಾರು ಒಂಟಿತನದ ಅಂಕ ಹೋಲಿಸಿ. ಸಂಘಟನೆಯಿಂದ ಬಂದವರಿಗೂ ಆ್ಯಪ್‌ನಿಂದ ಬಂದವರಿಗೂ ಅಂಕದಲ್ಲಿ ದೊಡ್ಡ ಅಂತರ ಕಂಡರೆ, ಅದನ್ನು ವರದಿಯ ಮುಖ್ಯ ಫಲಿತಾಂಶವೆಂದೇ ಬರೆಯಬಹುದು.

ಸಂಖ್ಯೆಯ ಲೆಕ್ಕ: ಒಂದು ಪ್ರಮಾಣವನ್ನು 95 ಶೇಕಡ ವಿಶ್ವಾಸದಲ್ಲಿ, 5 ಶೇಕಡಾಂಶ ಆಚೀಚೆಯಲ್ಲಿ ಅಂದಾಜಿಸಲು ಸರಳ ಯಾದೃಚ್ಛಿಕ ಮಾದರಿಗೆ (ಚೀಟಿ ಎತ್ತಿದಂತೆ ಆರಿಸಿದವರಾದರೆ) 385 ಜನ ಬೇಕು. ಆರ್‌ಡಿಎಸ್‌ನಲ್ಲಿ ಪರಿಚಿತರು ಪರಿಚಿತರಂತೆಯೇ ಇರುವುದರಿಂದ ಕನಿಷ್ಠ ಇಮ್ಮಡಿ, ಅಂದರೆ 770, ಇಟ್ಟುಕೊಳ್ಳಬೇಕು. ಅಷ್ಟು ಸಾಧ್ಯವಿಲ್ಲದಿದ್ದರೆ 25 ಜನರ ಆಳವಾದ ಸಂದರ್ಶನ, ಕಾಲರೇಖೆಯೊಂದಿಗೆ, 150 ಜನರ ಅವಸರದ ಸಮೀಕ್ಷೆಗಿಂತ ಎಷ್ಟೋ ಮೇಲು.

ಆನ್‌ಲೈನ್‌ನಲ್ಲಿ ಗೌರವಧನ ಘೋಷಿಸಿದ ದಿನವೇ ನಕಲಿ ಉತ್ತರಗಳು ಬರುತ್ತವೆ. ಒಂದೇ ಗಂಟೆಯಲ್ಲಿ 60 ಫಾರಮ್, ಎರಡು ನಿಮಿಷದಲ್ಲಿ ಮುಗಿದ 40 ಪ್ರಶ್ನೆ, ಪದಕ್ಕೆ ಪದ ಒಂದೇ ಇರುವ ಖಾಲಿಗೆರೆಯ ಉತ್ತರ ಕಂಡರೆ ಕೊಂಡಿ ಮುಚ್ಚಿ. ಪತ್ತೆಗೆಂದು ಗುರುತಿನ ಚೀಟಿ ಕೇಳುವುದು ಮಾತ್ರ ಬೇಡ, ನಿಜವಾದವರು ಹೆದರಿ ಓಡುತ್ತಾರೆ.

## ಹಂತ 8: ಸಂದರ್ಶನ ಮತ್ತು ದುಭಾಷಿ

ದುಭಾಷಿ ಅದೇ ಊರಿನ, ಅದೇ ದೇಶದವರ ಪುಟ್ಟ ಬಳಗಕ್ಕೆ ಸೇರಿದವರಾದರೆ ನಾಳೆ ಮದುವೆ ಮನೆಯಲ್ಲಿ ಎದುರಾಗುವವರೂ ಅವರೇ. ಬೇರೆ ಊರಿನವರನ್ನು ಫೋನ್ ಮೂಲಕ ಕೂರಿಸಿ, ವಿಡಿಯೊ ಬೇಡ, ಪಾಲ್ಗೊಂಡವರ ಹೆಸರನ್ನು ಅವರಿಗೆ ಹೇಳಬೇಡಿ. ‘ದುಭಾಷಿ ಬೇಕೇ? ಗಂಡಸೋ ಹೆಂಗಸೋ, ಯಾವ ಪ್ರಾಂತ್ಯದವರು ಬೇಡ?’ ಎಂದು ಮೊದಲೇ ಕೇಳಿ. ಯಾವ ಪದ ಬಳಸಬೇಕೆಂದು ದುಭಾಷಿಯ ಜೊತೆ ಅರ್ಧ ಗಂಟೆ ಅಭ್ಯಾಸ ಮಾಡಿ. ಅವರಿಗೆ ಗೊತ್ತಿರುವ ಏಕೈಕ ಪದ ಬೈಗುಳವಾಗಿರುವ ಸಾಧ್ಯತೆ ಇದೆ.

ನೋವಿನ ಪ್ರಶ್ನೆಗಳು ನಡುವೆ ಬರಲಿ; ಕೊನೆಯ ಹತ್ತು ನಿಮಿಷ ನಾಳೆಯ ಕೆಲಸ, ಈಗ ಜೊತೆಗಿರುವವರು, ಮುಂದಿನ ಯೋಜನೆಯ ಮಾತು. ಮನಸ್ಸು ಕದಡಿದ ಸ್ಥಿತಿಯಲ್ಲಿ, ಯಾರ ಬಳಿಯೂ ಹೇಳಿಕೊಳ್ಳಲಾಗದ ಕೋಣೆಗೆ ಅವರನ್ನು ಕಳಿಸಬಾರದು. ಎರಡು ದಿನ ಬಿಟ್ಟು, ಒಪ್ಪಿದ ಹೊತ್ತಿನಲ್ಲಿ ಒಂದು ಕರೆ ಮಾಡಿ.

## ನಡುವೆ ನಿಲ್ಲಿಸಿ ನೋಡಬೇಕಾದ ಸೂಚನೆಗಳು

ಮೊದಲ 20 ಜನರಾದ ಮೇಲೆ ಒಂದು ವಾರ ಕೆಲಸ ನಿಲ್ಲಿಸಿ. ಎಲ್ಲರೂ ಒಂದೇ ವಯಸ್ಸಿನ, ಒಂದೇ ಓದಿನ ಗೇ ಪುರುಷರೇ ಆಗಿದ್ದರೆ ದಾರಿ ಬದಲಿಸಿ. ಒಂದು ಪ್ರಶ್ನೆಯನ್ನು ಐದರಲ್ಲಿ ಒಬ್ಬರು ಬಿಟ್ಟಿದ್ದರೆ ಅದರ ಮಾತಿನಲ್ಲೋ ಜಾಗದಲ್ಲೋ ದೋಷವಿದೆ. ಬರುತ್ತೇನೆಂದವರು ಸಾಲಾಗಿ ತಪ್ಪಿಸಿಕೊಂಡರೆ ಊರಲ್ಲಿ ಅಧ್ಯಯನದ ಬಗ್ಗೆ ಏನೋ ಮಾತು ಹಬ್ಬಿದೆ. ಸಲಹಾ ಗುಂಪನ್ನು ಕೇಳಿ. ಸಂದರ್ಶಕರಿಗೇ ನಿದ್ದೆ ಕೆಟ್ಟಿದ್ದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಂದರ್ಶನ ಕೊಡಬೇಡಿ.

## ಹಂತ 9: ವಿಶ್ಲೇಷಣೆ

ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್ ಎಲ್ಲರನ್ನೂ ಒಂದೇ ಸರಾಸರಿಗೆ ಇಳಿಸುವ ಮೊದಲು ಬೇರೆಬೇರೆಯಾಗಿ ನೋಡಿ. ಒಂದು ಗುಂಪು ತೀರಾ ಚಿಕ್ಕದಾದರೆ ಅಂಕಿ ಕೊಡದೆ ಸಂದರ್ಶನದ ಮಾತಿನಲ್ಲಿ ವಿವರಿಸಿ.

ಒಂದೇ ದಿನ ಅಳೆದ ಅಂಕಗಳಿಂದ ‘ವಲಸೆ, ಅದರಿಂದ ಒಂಟಿತನ, ಅದರಿಂದ ಖಿನ್ನತೆ’ ಎಂಬ ಸರಪಳಿಯನ್ನು ಸಾಬೀತು ಮಾಡಲಾಗದು. ಖಿನ್ನತೆಯಿರುವವರು ಜನರಿಂದ ಹಿಂದೆ ಸರಿಯುತ್ತಾರೆ, ಬಾಣ ತಿರುಗಿಯೂ ಇರಬಹುದು. ಸಾಫ್ಟ್‌ವೇರ್ ಎರಡೂ ದಿಕ್ಕಿಗೂ ಅಂದವಾದ ಅಂಕಿ ಕೊಡುತ್ತದೆ. ಇಲ್ಲಿಯೇ ಕಾಲರೇಖೆ ಕೈಹಿಡಿಯುವುದು. ಪ್ರತಿಯೊಬ್ಬರ ಹಾಳೆಯಿಂದಲೂ ಮೂರು ಘಟನೆಗಳ ಕಾಲ ತೆಗೆಯಿರಿ: ಮನೆಯವರೊಂದಿಗೆ ಮಾತು ಕಡಿದದ್ದು, ಹೊರಟದ್ದು, ಲಕ್ಷಣ ಶುರುವಾದದ್ದು. ಇವುಗಳ ಸರದಿಯ ಮೇಲೆ ಜನರನ್ನು ಗುಂಪು ಮಾಡಿ, ಆಮೇಲೆ ಅಂಕ ಹೋಲಿಸಿ. ನೆನಪು ಹಿಂದಿನದನ್ನು ಇಂದಿನ ಮನಸ್ಥಿತಿಯ ಬಣ್ಣದಲ್ಲಿ ತೋರಿಸುತ್ತದೆ ಎಂಬ ಮಿತಿಯನ್ನೂ ಬರೆಯಿರಿ. ಹಣವಿದ್ದರೆ ಅದೇ ಜನರನ್ನು ಆರು ತಿಂಗಳ ಬಳಿಕ ಮತ್ತೆ ಅಳೆಯಿರಿ.

## ಹಂತ 10: ವರದಿ, ಮರಳಿ ಕೊಡುವುದು, ಅಳಿಸುವುದು

ಹೆಸರು ಬದಲಿಸಿದರೆ ಗುರುತು ಮರೆಯಾಗುವುದಿಲ್ಲ. ‘34 ವರ್ಷದ ಟ್ರಾನ್ಸ್ ಮಹಿಳೆ, ನರ್ಸ್, ಇಂಥ ದೇಶದಿಂದ, ಇಂಥ ಪಟ್ಟಣದಲ್ಲಿ’ ಎಂದರೆ ಅಂಥವರು ಆ ಪಟ್ಟಣದಲ್ಲಿ ಒಬ್ಬರೇ ಇರಬಹುದು. ‘ಮೂವತ್ತರ ದಶಕದ, ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಮಹಿಳೆ’ ಎಂದು ಬರೆಯಿರಿ, ದೇಶದ ಬದಲು ಪ್ರದೇಶ ಹೇಳಿ. ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಜನರಿರುವ ಖಾನೆಗಳನ್ನು ಪಕ್ಕದ ಖಾನೆಗೆ ಸೇರಿಸಿ. ಬಳಸುವ ಉಲ್ಲೇಖವನ್ನು ಸಾಧ್ಯವಾದರೆ ಹೇಳಿದವರಿಗೇ ತೋರಿಸಿ. ತಮ್ಮ ಬಳಗದವರು ಯಾವ ಪದದಿಂದ ತಮ್ಮನ್ನು ಹಿಡಿಯಬಲ್ಲರು ಎಂದು ಅವರಿಗೆ ಮಾತ್ರ ಗೊತ್ತು.

ಪತ್ರಿಕೆಗೆ ಕಳಿಸುವ ಮೊದಲು ಎರಡು ಪುಟದ ಸಾರವನ್ನು ಪಾಲ್ಗೊಂಡವರ ಭಾಷೆಯಲ್ಲಿ, ಅವರು ಒಪ್ಪಿದ ದಾರಿಯಲ್ಲಿ ತಲುಪಿಸಿ. ಸಂಪರ್ಕದ ಪಟ್ಟಿಯನ್ನು ಅಲ್ಲಿಯವರೆಗೆ ಮಾತ್ರ ಇಟ್ಟುಕೊಳ್ಳಿ, ಅದೂ ಉತ್ತರಗಳಿರುವ ಯಂತ್ರದಲ್ಲಲ್ಲ, ಬೇರೆ ಕಡೆ. ಸಾರ ತಲುಪಿದ ವಾರವೇ ತಂಡದ ಇಬ್ಬರು ಕೂತು ಪಟ್ಟಿ, ಧ್ವನಿ ಕಡತ, ಫೋನಿನ ಸಂದೇಶಗಳು, ಬ್ಯಾಕಪ್ ಪ್ರತಿಗಳು ಎಲ್ಲವನ್ನೂ ಅಳಿಸಿ, ಕಾಲರೇಖೆಯ ಮೂಲ ಹಾಳೆಗಳನ್ನು ಸ್ಕ್ಯಾನ್ ಮಾಡಿ ಹೆಸರು, ಊರು ಮುಚ್ಚಿದ ಮೇಲೆ ಚೂರು ಮಾಡಿ, ಅಳಿಸಿದ ದಿನಾಂಕಕ್ಕೆ ಇಬ್ಬರೂ ಸಹಿ ಹಾಕಲಿ.